ಮುಂದೂಡಿದ ದುರಸ್ತಿಗೆ ಲೆಕ್ಕ ಕೇಳುವವರು ಯಾರು?

ಯುದ್ಧವಿಮಾನದ ಬಗ್ಗೆ ನಡೆಯುವಷ್ಟು ಮಾತು ಸೇನೆಯ ಸಾಗಣೆ ವಿಮಾನದ ಬಗ್ಗೆ ನಮ್ಮಲ್ಲಿ ನಡೆಯುವುದಿಲ್ಲ. ರಫೇಲ್ ಎಷ್ಟು ಬಂದವು, ತೇಜಸ್ ಯಾವಾಗ ಬರುತ್ತದೆ ಎಂಬುದು ನಮ್ಮ ಕಂಪಲಾಪುರದಂಥ ಊರಿನ ಟೀ ಅಂಗಡಿಯಲ್ಲೂ ಚರ್ಚೆಯಾಗಬಹುದು. ಎಎನ್-32 ಎಂಬ ಹೆಸರು ಕಿವಿಗೆ ಬೀಳುವುದು ಅದು ಕಾಣೆಯಾದಾಗ ಮಾತ್ರ. ಸೈನಿಕನ ದಿನನಿತ್ಯದ ಬದುಕು ನಡೆಯುವುದು ಮಾತ್ರ ಈ ಎರಡನೆಯ ಬಗೆಯ ವಿಮಾನದ ಬಲದಿಂದ. ಲಡಾಖಿನ ಚೌಕಿಗೆ ಸೀಮೆಎಣ್ಣೆ, ಅರುಣಾಚಲದ ಗಡಿ ಹಳ್ಳಿಗೆ ಅಕ್ಕಿ, ಅಂಡಮಾನಿಗೆ ಸಿಬ್ಬಂದಿ, ಪ್ರವಾಹ ಬಂದ ಊರಿಗೆ ಔಷಧಿ, ಇವನ್ನೆಲ್ಲ ಹೊತ್ತೊಯ್ಯುವುದು ಅದೇ. ಪಿರಿಯಾಪಟ್ಟಣದಿಂದಲೋ ಹುಣಸೂರಿನಿಂದಲೋ ಪಕ್ಕದ ಕೊಡಗಿನಿಂದಲೋ ಸೇನೆ ಸೇರಿದ ಹುಡುಗ ಯುದ್ಧವಿಮಾನದೊಳಗೆ ಕೂರುವ ಸಂಭವ ಕಡಿಮೆ; ಸಾಗಣೆ ವಿಮಾನದ ಪಕ್ಕದ ಬೆಂಚಿನ ಮೇಲೆ ಕೂರುವ ಸಂಭವ ಬಹಳ. ಯುದ್ಧವಿಮಾನದ ಪೈಲಟ್‌ಗೆ ಕೈ ಮೀರಿದಾಗ ಹೊರಕ್ಕೆ ಚಿಮ್ಮಿಸುವ ಆಸನವಾದರೂ ಇದೆ. ಸಾಗಣೆ ವಿಮಾನದಲ್ಲಿ ಕೂತವರಿಗೆ ಅದೂ ಇಲ್ಲ. ಅವರ ರಕ್ಷಣೆಯೆಲ್ಲ ಆ ವಿಮಾನದ ದುರಸ್ತಿ ಹೊತ್ತಿಗೆ ಸರಿಯಾಗಿ ಆಗಿದೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಆಗಿಲ್ಲದಿದ್ದರೆ ಅದನ್ನು ಮುಂದೂಡಿದವರು ಯಾರು, ಎಷ್ಟು ದಿನಕ್ಕೆ, ಯಾವ ಆಧಾರದ ಮೇಲೆ, ಅದನ್ನು ಮೇಲೆ ನಿಂತು ನೋಡಿದವರು ಯಾರು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಈ ಕೊನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಇರುವ ಉತ್ತರ ಸಾಲದು ಎಂಬುದು ಈ ಲೇಖನದ ವಾದ.

ಮೊದಲು ಮುಂದೂಡುವುದೆಂದರೆ ಏನೆಂದು ತಿಳಿಯಬೇಕು. ವಿಮಾನದ ನಿರ್ವಹಣೆ ಮೂರು ಲೆಕ್ಕಗಳ ಮೇಲೆ ನಡೆಯುತ್ತದೆ: ಎಷ್ಟು ಗಂಟೆ ಹಾರಿತು, ಎಷ್ಟು ಸಲ ನೆಲಕ್ಕಿಳಿಯಿತು, ಎಷ್ಟು ವರ್ಷ ಕಳೆಯಿತು. ಎಂಜಿನ್ ಸವೆಯುವುದು ಗಂಟೆಯ ಲೆಕ್ಕದಲ್ಲಿ; ಚಕ್ರದ ಕಾಲುಗಳು ದಣಿಯುವುದು ಇಳಿತದ ಲೆಕ್ಕದಲ್ಲಿ; ರಬ್ಬರ್ ಸೀಲು, ತಂತಿಯ ಹೊದಿಕೆ, ಲೋಹದ ತುಕ್ಕು ಇವುಗಳಿಗೆ ವಿಮಾನ ಹಾರಿದರೂ ಒಂದೇ, ನಿಂತಿದ್ದರೂ ಒಂದೇ, ವರ್ಷ ಸಾಕು. ತಯಾರಕರು ಈ ಮೂರಕ್ಕೂ ಗಡಿ ಹಾಕಿ ಕೊಡುತ್ತಾರೆ. ಗಡಿ ಬಂದ ದಿನ ಬಿಡಿಭಾಗ ಸಿಗದೆ, ಕಾರ್ಖಾನೆಯಲ್ಲಿ ಜಾಗವಿಲ್ಲದೆ, ಅಥವಾ ವಿಮಾನ ತುರ್ತಾಗಿ ಬೇಕಾಗಿ ಕೆಲಸವನ್ನು ಮುಂದಕ್ಕೆ ಹಾಕುವುದುಂಟು. ಇದು ಕಳ್ಳತನದ ಕೆಲಸವೇನಲ್ಲ. ನಾವು ಟಿಕೆಟ್ ಕೊಂಡು ಹತ್ತುವ ವಿಮಾನದಲ್ಲೂ ಕೆಲವು ದೋಷಗಳನ್ನು ಇಟ್ಟುಕೊಂಡೇ ಹಾರಲು ಅನುಮತಿ ಇದೆ. ನಾಗರಿಕ ವಿಮಾನಯಾನದ ನಿಯಮದಲ್ಲಿ ಅದಕ್ಕೊಂದು ಪಟ್ಟಿಯಿದೆ. ಪಟ್ಟಿಯ ‘ಬಿ’ ವರ್ಗದ ದೋಷವನ್ನು 3 ದಿನದೊಳಗೆ, ‘ಸಿ’ ವರ್ಗದ್ದನ್ನು 10 ದಿನದೊಳಗೆ, ‘ಡಿ’ ವರ್ಗದ್ದನ್ನು 120 ದಿನದೊಳಗೆ ಸರಿಪಡಿಸಲೇಬೇಕು. ಪಟ್ಟಿಯಲ್ಲಿಲ್ಲದ ದೋಷವಿದ್ದರೆ ಹಾರುವಂತಿಲ್ಲ. ಪಟ್ಟಿಗೆ ಒಪ್ಪಿಗೆ ಕೊಡುವುದು ವಿಮಾನ ಕಂಪನಿಯಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಮುಂದೂಡಿಕೆಗೆ ಬರಹವಿದೆ, ವಾಯಿದೆಯಿದೆ, ಹೊರಗಿನವರ ರುಜುವಿದೆ. ಈ ಮೂರೂ ಇದ್ದಾಗ ಮುಂದೂಡುವುದು ಒಂದು ಲೆಕ್ಕಾಚಾರ. ಒಂದು ತಪ್ಪಿದರೂ ಅದು ಜೂಜು.

ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಯವರಿಗೆ ಈ ಜೂಜು ಗೊತ್ತಿರುವಂಥದ್ದೇ. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗಿನ ಕಬ್ಬಿಣದ ಕೊಳವೆ ತುಕ್ಕು ತಿಂದಿದೆ, ಬದಲಿಸಬೇಕು. ಆದರೆ ಸೊಪ್ಪು ಮುರಿದು ತಂದಾಗಿದೆ, ಕೈಯಲ್ಲಿ ಹಣವಿಲ್ಲ, ಇದೊಂದು ಸಲ ಬೇಯಿಸಿಬಿಡೋಣ ಎಂದು ರೈತ ಧೈರ್ಯ ಮಾಡುತ್ತಾನೆ. ಕೊಳವೆ ತಡೆದರೆ ಗೆದ್ದ. ಕಿಡಿ ಹೊರಬಿದ್ದರೆ ಬ್ಯಾರನ್ನೂ ಹೋಯಿತು, ಸೊಪ್ಪೂ ಹೋಯಿತು. ಇಲ್ಲಿ ಮುಂದೂಡಿದವನೂ ಅವನೇ, ನಷ್ಟ ಹೊರುವವನೂ ಅವನೇ; ಆದ್ದರಿಂದ ಅವನ ಭಯವೇ ಅವನಿಗೆ ಮೇಲ್ವಿಚಾರಕ. ಸೇನಾ ವಿಮಾನದಲ್ಲಿ ಹಾಗಿಲ್ಲ. ಮುಂದೂಡುವ ಕಾಗದಕ್ಕೆ ರುಜು ಹಾಕುವವರು ಒಬ್ಬರು, ಬಿಡಿಭಾಗಕ್ಕೆ ಹಣ ಬಿಡುಗಡೆ ಮಾಡದವರು ಇನ್ನೊಬ್ಬರು, ವಿಮಾನ ಇವತ್ತೇ ಬೇಕೆಂದವರು ಮತ್ತೊಬ್ಬರು, ಅದರೊಳಗೆ ಕೂತು ಹೋಗುವವರು ಇವರಲ್ಲಿ ಯಾರೂ ಅಲ್ಲ. ನಿರ್ಧಾರ ಒಂದು ಕಡೆ, ಅದರ ಫಲ ಇನ್ನೊಂದು ಕಡೆ ಆದಾಗ ಭಯ ಮಾಡಬೇಕಾದ ಕೆಲಸವನ್ನು ಒಂದು ಸಂಸ್ಥೆಯೇ ಮಾಡಬೇಕಾಗುತ್ತದೆ. ಮೇಲ್ವಿಚಾರಣೆ ಬೇಕೆನ್ನುವುದು ಇದಕ್ಕೆ. ಅದನ್ನು ಬೇಡುವುದೆಂದರೆ ವಾಯುಪಡೆಯ ತಂತ್ರಜ್ಞರನ್ನು ಅನುಮಾನಿಸಿದಂತಲ್ಲ.

ಈ ವಿಷಯ ಕರ್ನಾಟಕಕ್ಕೆ ದೂರದ್ದೂ ಅಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹಿರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದದ್ದು ವಿಮಾನ ಕಟ್ಟುವ ಉದ್ದೇಶದಿಂದ. ಆದರೆ ಮಹಾಯುದ್ಧದ ಒತ್ತಡದಲ್ಲಿ 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಸಿ-47 ಡಕೋಟಾ ಸಾಗಣೆ ವಿಮಾನಗಳೂ ಕ್ಯಾಟಲೀನಾ ಕಡಲ ವಿಮಾನಗಳೂ ಓವರ್‌ಹಾಲ್‌ಗೆ ಬಂದದ್ದು ಇಲ್ಲಿಗೆ. ಇಂದಿನ ಎಚ್‌ಎಎಲ್ ಮೊದಲ ವರ್ಷಗಳಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದ ಕೆಲಸ ಎಂದರೆ ಸೇನಾ ವಿಮಾನಗಳ ದುರಸ್ತಿ. ಇವತ್ತಿಗೂ ವಾಯುಪಡೆಯ ತಾಂತ್ರಿಕ ಅಧಿಕಾರಿಗಳು ಕಲಿಯುವ ಕಾಲೇಜು ಜಾಲಹಳ್ಳಿಯಲ್ಲಿದೆ. ಸಾಗಣೆ ವಿಮಾನದ ಪೈಲಟ್‌ಗಳಿಗೆ ತರಬೇತಿ ಯಲಹಂಕದಲ್ಲಿ ನಡೆಯುತ್ತದೆ. ಸೇನಾ ವಿಮಾನಗಳ ವಿನ್ಯಾಸಕ್ಕೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಕೊಡುವ ಸೆಮಿಲ್ಯಾಕ್ ಸಂಸ್ಥೆ ಇರುವುದು ಮಾರತ್‌ಹಳ್ಳಿಯಲ್ಲಿ. ವಿಮಾನದ ಆರೋಗ್ಯದ ವಿದ್ಯೆಗೆ ದೇಶದಲ್ಲೊಂದು ರಾಜಧಾನಿ ಇದ್ದರೆ ಅದು ಬೆಂಗಳೂರು. ಹಾಗಿರುವಾಗ ಈ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತುವುದು ಅಧಿಕಪ್ರಸಂಗವಾಗಲಾರದು.

ಮುಂದೂಡಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಹೋಗಿತ್ತು ಎಂಬುದಕ್ಕೆ ಸರ್ಕಾರದ್ದೇ ಸಾಕ್ಷ್ಯವಿದೆ. 2017ರ ಜುಲೈನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ವಾಯುಪಡೆಯ ಐಎಲ್ ಸರಣಿಯ ವಿಮಾನಗಳ ಬಳಕೆ ಮತ್ತು ನಿರ್ವಹಣೆಯನ್ನು ಪರಿಶೀಲಿಸಿತು. ಐಎಲ್-76 ನಮ್ಮ ಭಾರೀ ಸಾಗಣೆ ವಿಮಾನ, 1985ರಿಂದ ‘ಗಜರಾಜ’ ಎಂಬ ಹೆಸರಿನಲ್ಲಿ ಸೇವೆಯಲ್ಲಿದೆ. ಐಎಲ್-78 ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬಿಸುವಂಥದ್ದು. ಯಾವ ದಿನ ನೋಡಿದರೂ ನೂರಕ್ಕೆ 70ರಷ್ಟು ವಿಮಾನಗಳು ಹಾರಲು ಸಿದ್ಧವಿರಬೇಕೆಂಬುದು ಗುರಿ. 2010ರಿಂದ 2016ರವರೆಗಿನ ಸರಾಸರಿ ತೆಗೆದಾಗ ಐಎಲ್-76ರಲ್ಲಿ ಸಿದ್ಧವಿದ್ದದ್ದು ಶೇ 38, ಐಎಲ್-78ರಲ್ಲಿ ಶೇ 49. ವಿಮಾನದೊಳಗಿನ ಸಂಚಾರ ಮತ್ತು ಸಂಪರ್ಕ ಉಪಕರಣಗಳ ಆಧುನೀಕರಣ ವರ್ಷಗಟ್ಟಲೆ ಕಡತದಲ್ಲೇ ಉಳಿದು, 1985ರ ಕಾಲದ ಉಪಕರಣಗಳಲ್ಲೇ ವಿಮಾನಗಳು ಹಾರುತ್ತಿದ್ದವು ಎಂಬುದನ್ನೂ ಲೆಕ್ಕಪರಿಶೋಧಕರು ಎತ್ತಿ ತೋರಿಸಿದರು. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ಸಿದ್ಧವಿಲ್ಲದ ವಿಮಾನವನ್ನು ನೆಲದಲ್ಲೇ ನಿಲ್ಲಿಸಿದರಲ್ಲ, ಇದು ಎಚ್ಚರಿಕೆಯ ಗುರುತಲ್ಲವೇ ಎನ್ನಬಹುದು. ಅದು ನಿಜ; ನಿಂತ ವಿಮಾನ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಹತ್ತರಲ್ಲಿ ಆರು ನಿಂತಾಗ ಆ ಆರರ ಹೊರೆ ಉಳಿದ ನಾಲ್ಕರ ಮೇಲೆ ಬೀಳುತ್ತದೆ. ಅವು ಹೆಚ್ಚು ಹಾರಿದಷ್ಟೂ ಬೇಗ ಗಡಿ ಮುಟ್ಟುತ್ತವೆ. ಗಡಿ ಮುಟ್ಟಿದಾಗ ಅವನ್ನೂ ನಿಲ್ಲಿಸಿದರೆ ಕೆಲಸವೇ ನಿಲ್ಲುತ್ತದೆ. ಮುಂದೂಡುವ ಒತ್ತಡ ಹುಟ್ಟುವ ಜಾಗ ಇದು.

ಎಎನ್-32ರ ಕಥೆ ಇನ್ನೂ ದೀರ್ಘ. 1984ರಿಂದ ಸೋವಿಯತ್ ಒಕ್ಕೂಟದಿಂದ ಬಂದ ನೂರಕ್ಕೂ ಹೆಚ್ಚು ವಿಮಾನಗಳು ಹಿಮಾಲಯದ ಸಣ್ಣ ಓಡುದಾರಿಗಳಿಗೆ ಹೇಳಿ ಮಾಡಿಸಿದಂತಿದ್ದವು. 25 ವರ್ಷದ ಆಯುಷ್ಯ ಮುಗಿಯುತ್ತ ಬಂದಾಗ, 2009ರಲ್ಲಿ ಉಕ್ರೇನಿನ ಜೊತೆ ಸುಮಾರು 40 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ವಿಮಾನಗಳ ಆಯುಷ್ಯವನ್ನು 40 ವರ್ಷಕ್ಕೆ ಏರಿಸುವುದು, ಹೊಸ ಉಪಕರಣ ಕೂಡಿಸುವುದು, ಮೊದಲ 40 ವಿಮಾನಗಳನ್ನು ಉಕ್ರೇನಿನಲ್ಲಿ, ಉಳಿದವನ್ನು ಕಾನ್ಪುರದ ವಾಯುಪಡೆಯ ದುರಸ್ತಿ ಡಿಪೋದಲ್ಲಿ ಸರಿಪಡಿಸುವುದು ಎಂದು ತೀರ್ಮಾನವಾಗಿತ್ತು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡಿತು. ವಿನ್ಯಾಸ ಕೀವ್‌ನದು, ಬಿಡಿಭಾಗಗಳ ಬೇರು ಎರಡೂ ದೇಶಗಳಲ್ಲಿ. ಸರಬರಾಜು ಕುಂಟಿತು, ಕಾನ್ಪುರದ ಕೆಲಸ ನಿಧಾನವಾಯಿತು. 2022ರ ಯುದ್ಧ ಅದನ್ನು ಇನ್ನಷ್ಟು ಹದಗೆಡಿಸಿತು. ಇದರಲ್ಲಿ ವಾಯುಪಡೆಯ ತಪ್ಪಿಲ್ಲ. ಆದರೆ 1984ರ ವಿಮಾನಕ್ಕೆ 2009ರಲ್ಲಿ ಆಧುನೀಕರಣ, ಬದಲಿ ವಿಮಾನ ಯಾವುದಿರಬಹುದೆಂಬ ಮಾಹಿತಿ ಕೋರಿಕೆ 2022ರ ಡಿಸೆಂಬರ್‌ನಲ್ಲಿ ಎಂದಾಗ, ಮುಂದೂಡಿದ್ದು ಹ್ಯಾಂಗರಿನ ತಂತ್ರಜ್ಞನಲ್ಲ, ದೆಹಲಿಯ ಕಡತ ಎಂಬುದು ಸ್ಪಷ್ಟವಾಗುತ್ತದೆ. ಅವ್ರೋ ಸಾಗಣೆ ವಿಮಾನದ್ದೂ ಇದೇ ಪಾಡು. ಕಾನ್ಪುರದಲ್ಲಿ ಜೋಡಿಸಿದ ಮೊದಲ ಅವ್ರೋ ಹಾರಿದ್ದು 1961ರಲ್ಲಿ. ಅದರ ಜಾಗಕ್ಕೆ 56 ಸಿ-295 ವಿಮಾನಗಳ ಒಪ್ಪಂದಕ್ಕೆ ರುಜು ಬಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ, ನಡುವೆ 60 ವರ್ಷ. ಹ್ಯಾಂಗರಿನಲ್ಲಿ ಆಗುವ ಪ್ರತಿ ಸಣ್ಣ ಮುಂದೂಡಿಕೆಯ ಹಿಂದೆ ಇಂಥದೊಂದು ದೊಡ್ಡ ಮುಂದೂಡಿಕೆ ಇರುತ್ತದೆ. ಮೇಲ್ವಿಚಾರಣೆ ಸಣ್ಣದನ್ನು ಹಿಡಿದು ದೊಡ್ಡದನ್ನು ಬಿಟ್ಟರೆ ಶಿಕ್ಷೆ ತಂತ್ರಜ್ಞನಿಗೆ, ಕ್ಷಮೆ ಕಚೇರಿಗೆ ಎಂದಾಗುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರಲ್ಲಿ 29 ಜನ ಇದ್ದರು. ಅವಶೇಷ ಸಿಕ್ಕಿದೆ ಎಂದು ರಕ್ಷಣಾ ಸಚಿವಾಲಯ ಹೇಳಿದ್ದು 2024ರ ಜನವರಿಯಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಕ್ಕೆ ಹೋಗುತ್ತಿದ್ದ ಇನ್ನೊಂದು ಎಎನ್-32 ಬೆಟ್ಟಕ್ಕೆ ಬಡಿದು 13 ಜನ ತೀರಿಕೊಂಡರು. ಅದು ಬಿದ್ದ ಜಾಗ ಕಾಣಲು 8 ದಿನ ಬೇಕಾಯಿತು. ಈ ದುರಂತಗಳಿಗೆ ದುರಸ್ತಿಯ ವಿಳಂಬವೇ ಕಾರಣ ಎಂದು ಬರೆದುಬಿಡುವುದು ಸುಲಭ. ಅದಕ್ಕೆ ಪುರಾವೆ ಇಲ್ಲ. ಎರಡನೆಯದರಲ್ಲಿ ಮೋಡ ಮುಚ್ಚಿದ ಕಣಿವೆ, ಕೆಟ್ಟ ಹವೆ ಎರಡೂ ಇದ್ದವು. ಆದರೆ ಆ ವಿಮಾನ ಆಧುನೀಕರಣವಾಗದೆ ಉಳಿದವುಗಳಲ್ಲಿ ಒಂದು, ಬಿದ್ದಾಗ ತಾನೆಲ್ಲಿದ್ದೇನೆಂದು ಕೂಗಿ ಹೇಳಬೇಕಾದ ಅದರ ತುರ್ತು ಸಂಕೇತ ಸಾಧನ ಹಳೆಯ ಮಾದರಿಯದು ಎಂದು ಆಗ ವರದಿಯಾಗಿತ್ತು. ಮುಂದೂಡಿದ ಕೆಲಸ ವಿಮಾನವನ್ನು ಬೀಳಿಸದೆಯೂ ಬೇರೆ ರೀತಿಯಲ್ಲಿ ಬೆಲೆ ವಸೂಲಿ ಮಾಡಬಲ್ಲದು ಎಂಬುದಕ್ಕೆ ಇಷ್ಟು ಸಾಕು. ಇನ್ನೂ ಮುಖ್ಯವಾದ ಮಾತು ಬೇರೆಯದು. ಸೇನಾ ಅಪಘಾತಗಳ ವಿಚಾರಣಾ ವರದಿಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಹಾಗಾಗಿ ದುರಸ್ತಿಯ ವಿಳಂಬ ಕಾರಣ ಎಂದು ಹೇಳಲೂ ಜನರಿಗೆ ಆಧಾರವಿಲ್ಲ, ಕಾರಣ ಅಲ್ಲ ಎಂದು ಸಮಾಧಾನಪಡಲೂ ಆಧಾರವಿಲ್ಲ.

ಪ್ರಕಟಿಸುವ ದೇಶಗಳಲ್ಲಿ ಏನು ಕಂಡುಬಂದಿದೆ ಎಂದು ನೋಡಿದರೆ ಈ ಕೊರತೆಯ ತೂಕ ತಿಳಿಯುತ್ತದೆ. 2017ರ ಜುಲೈ 10ರಂದು ಅಮೆರಿಕದ ಮರೀನ್ ಪಡೆಯ ಕೆಸಿ-130ಟಿ ವಿಮಾನ ಮಿಸ್ಸಿಸ್ಸಿಪ್ಪಿಯ ಹೊಲಗಳ ಮೇಲೆ ಚೂರಾಗಿ ಬಿದ್ದು 16 ಜನ ಸತ್ತರು. ವರದಿ ಕಾರಣವನ್ನು ಒಂದು ಪ್ರೊಪೆಲರ್ ರೆಕ್ಕೆಗೆ ಕಟ್ಟಿತು: 2011ರಲ್ಲಿ ಜಾರ್ಜಿಯಾದ ಡಿಪೋದಲ್ಲಿ ಓವರ್‌ಹಾಲ್‌ಗೆ ಬಂದ ಆ ರೆಕ್ಕೆಯ ತುಕ್ಕನ್ನು ತೆಗೆಯದೆ ಕಳಿಸಲಾಗಿತ್ತು, ತುಕ್ಕು ಬಿರುಕಾಗಿ, ಬಿರುಕು ಬೆಳೆದು, ಆರು ವರ್ಷದ ನಂತರ ರೆಕ್ಕೆ ಕಳಚಿ ವಿಮಾನದ ಒಡಲನ್ನೇ ಸೀಳಿತು. ಮರುವರ್ಷ ಮೇ 2ರಂದು ಸವಾನಾದಲ್ಲಿ ಪೋರ್ಟೊರಿಕೊ ನ್ಯಾಷನಲ್ ಗಾರ್ಡ್‌ನ ಡಬ್ಲ್ಯುಸಿ-130 ಬಿದ್ದು 9 ಜನ ಹೋದರು. 50 ವರ್ಷ ದಾಟಿದ ಆ ವಿಮಾನ ನಿವೃತ್ತಿಗೆಂದು ಅರಿಜೋನಾಕ್ಕೆ ಹೊರಟಿತ್ತು. ಒಂದು ಎಂಜಿನ್ ಪೂರ್ಣ ವೇಗ ಮುಟ್ಟುತ್ತಿಲ್ಲ ಎಂಬುದು ಮೊದಲೇ ಗೊತ್ತಿದ್ದರೂ ತಂತ್ರಜ್ಞರು ಅದನ್ನು ಸರಿಪಡಿಸಿರಲಿಲ್ಲ, ಹಾರಾಟದಲ್ಲಿ ಅದು ಸೋತಾಗ ಪೈಲಟ್‌ಗಳೂ ಸರಿಯಾಗಿ ನಿಭಾಯಿಸಲಿಲ್ಲ ಎಂದು ತನಿಖೆ ಎರಡೂ ಕಡೆಯ ತಪ್ಪನ್ನು ಹೆಸರಿಸಿತು. ನಾಗರಿಕ ವಿಮಾನಯಾನದಿಂದಲೂ ಒಂದು ಪಾಠವಿದೆ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ 261ನೇ ವಿಮಾನ ಪೆಸಿಫಿಕ್ ಸಾಗರಕ್ಕೆ ಬಿದ್ದು 88 ಜನ ಸತ್ತರು. ಬಾಲದ ಭಾಗವನ್ನು ಏರಿಸಿ ಇಳಿಸುವ ತಿರುಪಿಗೆ ಗ್ರೀಸ್ ಹಾಕುವ ಅವಧಿಯನ್ನು ಕಂಪನಿ ವರ್ಷಗಳ ಕಾಲ ಹಂತಹಂತವಾಗಿ ಹಿಗ್ಗಿಸುತ್ತ ಬಂದು, ಒಂದು ಕಾಲದಲ್ಲಿ 500 ಗಂಟೆಗೊಮ್ಮೆ ಇದ್ದದ್ದನ್ನು ಎಂಟು ತಿಂಗಳಿಗೊಮ್ಮೆ ಎಂದು ಮಾಡಿತ್ತು. ಪ್ರತಿ ಸಲ ಹಿಗ್ಗಿಸಿದಾಗಲೂ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ಮುಂದಿನ ಸಲ ಹಿಗ್ಗಿಸಲು ಪುರಾವೆಯಾಯಿತು.

ಈ ಕೊನೆಯ ವಾಕ್ಯದಲ್ಲಿ ಮುಂದೂಡಿಕೆಯ ನಿಜವಾದ ಅಪಾಯ ಅಡಗಿದೆ. ಒಂದು ಕೆಲಸವನ್ನು ಒಂದು ಸಲ ಮುಂದೂಡಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಏಕೆಂದರೆ ವಿನ್ಯಾಸಕಾರರು ಗಡಿ ಹಾಕುವಾಗಲೇ ಸ್ವಲ್ಪ ಉಳಿಕೆ ಇಟ್ಟಿರುತ್ತಾರೆ. ಆ ಉಳಿಕೆಯನ್ನು ನಾವು ನಮ್ಮ ಜಾಣತನ ಎಂದುಕೊಳ್ಳುತ್ತೇವೆ. ಒಳಗಿನವರಿಗೆ ಇದು ಕಾಣುವುದು ಕಷ್ಟ. ದಿನವೂ ಅದೇ ವಿಮಾನ ನೋಡುವ ಕಣ್ಣಿಗೆ ನಿನ್ನೆಯ ರಿಯಾಯಿತಿ ಇಂದಿನ ಪದ್ಧತಿಯಾಗಿಬಿಡುತ್ತದೆ. ಬ್ರಿಟನ್ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 2006ರ ಸೆಪ್ಟೆಂಬರ್ 2ರಂದು ಅದರ ನಿಮ್ರಾಡ್ ಕಣ್ಗಾವಲು ವಿಮಾನ ಕಂದಹಾರ್ ಬಳಿ ಆಕಾಶದಲ್ಲೇ ಹೊತ್ತಿಕೊಂಡು 14 ಜನ ಸತ್ತಾಗ, ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ವಕೀಲರ ನೇತೃತ್ವದಲ್ಲಿ ಸ್ವತಂತ್ರ ವಿಚಾರಣೆ ನಡೆಯಿತು. ಇಂಧನದ ಸೋರಿಕೆ ಬಿಸಿಗಾಳಿಯ ಕೊಳವೆಗೆ ತಗಲಿದರೆ ಏನಾಗಬಹುದು ಎಂದು ಮೊದಲೇ ಕಂಡುಹಿಡಿಯಬೇಕಾಗಿದ್ದ ಸುರಕ್ಷತಾ ಪರಿಶೀಲನೆ ಕಾಗದದ ಮೇಲಿನ ಶಾಸ್ತ್ರವಾಗಿತ್ತು, 1998ರ ನಂತರದ ಖರ್ಚು ಕಡಿತದ ಭರಾಟೆಯಲ್ಲಿ ಹಾರಾಟ ಯೋಗ್ಯತೆಯನ್ನು ನೋಡಬೇಕಾದವರ ಗಮನ ಹಣದ ಕಡೆಗೆ ಸರಿದಿತ್ತು ಎಂದು 2009ರ ಅಕ್ಟೋಬರಿನ ವರದಿ ನಿಷ್ಠುರವಾಗಿ ಹೇಳಿತು. ಆರು ತಿಂಗಳೊಳಗೆ, 2010ರ ಏಪ್ರಿಲ್‌ನಲ್ಲಿ, ಸೇನಾ ವಿಮಾನಯಾನ ಪ್ರಾಧಿಕಾರ ಎಂಬ ಹೊಸ ಸಂಸ್ಥೆ ಬಂತು. ವಿಮಾನ ಹಾರಿಸುವವರಿಗೂ ಅದನ್ನು ಕೊಳ್ಳುವವರಿಗೂ ಅಧೀನವಲ್ಲದೆ, ಮೂರೂ ಪಡೆಗಳ ವಿಮಾನಗಳಿಗೆ ನಿಯಮ ಮಾಡಿ ಪಾಲಿಸಿದ್ದಾರೆಯೇ ಎಂದು ನೋಡುವುದೇ ಅದರ ಕೆಲಸ.

ನಮ್ಮಲ್ಲಿ ಯಾರು ನೋಡುತ್ತಾರೆ? ಹೊಸ ವಿನ್ಯಾಸವನ್ನೂ ಮಾರ್ಪಾಡನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಬೆಂಗಳೂರಿನ ಸೆಮಿಲ್ಯಾಕ್. ಅದು ಡಿಆರ್‌ಡಿಒದ ಅಂಗ. ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು ಡಿಜಿಎಕ್ಯುಎ. ಅದು ರಕ್ಷಣಾ ಉತ್ಪಾದನಾ ಇಲಾಖೆಗೆ ಸೇರಿದ್ದು. ವಿಮಾನ ಸ್ಕ್ವಾಡ್ರನ್‌ಗೆ ಹೋದ ಮೇಲೆ ಅದರ ದೈನಂದಿನ ಆರೋಗ್ಯ ವಾಯುಪಡೆಯದೇ ಹೊಣೆ: ದೊಡ್ಡ ದುರಸ್ತಿಯ ಡಿಪೋಗಳು ನಾಗಪುರದ ನಿರ್ವಹಣಾ ಕಮಾಂಡಿನ ಕೆಳಗೆ, ಸುರಕ್ಷತೆಯ ತಪಾಸಣೆ ಮತ್ತು ಅಪಘಾತದ ವಿಚಾರಣೆ ವಾಯುಪಡೆಯ ಕೇಂದ್ರ ಕಚೇರಿಯ ಕೆಳಗೆ. ಇವರೆಲ್ಲರೂ ಸಮರ್ಥರು ಎಂಬುದರಲ್ಲಿ ಅನುಮಾನವಿಲ್ಲ. ಸ್ಕ್ವಾಡ್ರನ್ನಿನಲ್ಲಿ ಪ್ರತಿ ವಿಮಾನಕ್ಕೂ ‘ಫಾರ್ಮ್ 700’ ಎಂಬ ದಾಖಲೆಪುಸ್ತಕವಿದೆ. ತಂತ್ರಜ್ಞ ರುಜು ಹಾಕದೆ, ಪೈಲಟ್ ಓದಿ ಒಪ್ಪದೆ ವಿಮಾನ ಕದಲುವುದಿಲ್ಲ. ಒಂದು ವಿಮಾನದ ಮಟ್ಟದಲ್ಲಿ ಶಿಸ್ತು ಗಟ್ಟಿಯಾಗಿದೆ. ಕೊರತೆಯಿರುವುದು ಒಟ್ಟು ಲೆಕ್ಕದಲ್ಲಿ. ಈ ವರ್ಷ ಎಷ್ಟು ದುರಸ್ತಿಗಳು ಗಡಿ ದಾಟಿವೆ, ಎಷ್ಟು ಬಿಡಿಭಾಗಗಳ ಆಯುಷ್ಯವನ್ನು ವಿಸ್ತರಿಸಲಾಗಿದೆ, ಒಂದೇ ಕೆಲಸ ಎಷ್ಟು ಸಲ ಮುಂದೆ ಹೋಗಿದೆ ಎಂಬುದನ್ನು ವಿಮಾನ ಹಾರಿಸುವವರ ಸಾಲಿನ ಹೊರಗೆ ನಿಂತು ನಿಯಮಿತವಾಗಿ ಕೇಳುವ ತಾಂತ್ರಿಕ ಸಂಸ್ಥೆ ಇಲ್ಲ. ಹೊರಗಿನ ಕಣ್ಣು ಎಂದರೆ ಮಹಾಲೇಖಪಾಲರು ಮಾತ್ರ. ಅವರು ಬರುವುದು ವರ್ಷಗಳ ನಂತರ, ನೋಡುವುದು ಹಣದ ಕಣ್ಣಿನಿಂದ. ಐಎಲ್ ವಿಮಾನಗಳ 2010ರ ಸ್ಥಿತಿ ಸಂಸತ್ತಿಗೆ ಗೊತ್ತಾದದ್ದು 2017ರಲ್ಲಿ.

ಇಂಥ ಹೊರಗಿನ ಮೇಲ್ವಿಚಾರಣೆ ಬೇಕೆಂದಾಗ ಬರುವ ಮೊದಲ ಆಕ್ಷೇಪ ಗುಟ್ಟಿನದು. ಎಷ್ಟು ವಿಮಾನ ಸಿದ್ಧವಿಲ್ಲ ಎಂದು ಬಹಿರಂಗವಾಗಿ ಹೇಳಿದರೆ ಶತ್ರುವಿಗೆ ಮಾಹಿತಿ ಕೊಟ್ಟಂತಲ್ಲವೇ? ಆಕ್ಷೇಪ ಹಗುರವಾದುದಲ್ಲ, ಆದರೆ ಪೂರ್ತಿ ನಿಲ್ಲುವಂಥದ್ದೂ ಅಲ್ಲ. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರಲ್ಲಿ 49 ಬಗೆಯ ಸೇನಾ ವಿಮಾನಗಳ 2011ರಿಂದ 2021ರವರೆಗಿನ ಸಿದ್ಧತೆಯನ್ನು ನೋಡಿ, ಹೆಚ್ಚಿನ ವರ್ಷಗಳಲ್ಲಿ ಗುರಿ ಮುಟ್ಟಿದ್ದು ಬರೀ 4 ಎಂದು ಜಗತ್ತಿಗೆಲ್ಲ ಕೇಳುವಂತೆ ಹೇಳಿತು. ಅಲ್ಲಿನ ಸಂಸತ್ತು ನೇಮಿಸಿದ ಆಯೋಗ, 2013ರಿಂದ 2018ರ ನಡುವೆ ಯುದ್ಧದ ಹೊರಗಿನ ವಿಮಾನ ಅವಘಡಗಳಲ್ಲಿ 198 ಜೀವ ಮತ್ತು 157 ವಿಮಾನ ಹೋದವೆಂದು 2020ರಲ್ಲಿ ಪ್ರಕಟಿಸಿತು. ಇದರಿಂದ ಆ ದೇಶದ ರಕ್ಷಣೆ ಕುಸಿಯಲಿಲ್ಲ. ಅಷ್ಟು ತೆರೆದಿಡಲು ನಮಗೆ ಒಪ್ಪಿಗೆಯಿಲ್ಲದಿದ್ದರೂ ನಡುದಾರಿಯಿದೆ: ಯಾವ ನೆಲೆಯ ಯಾವ ವಿಮಾನ ಎಂಬುದು ಗುಟ್ಟಾಗಿರಲಿ, ಒಟ್ಟು ಲೆಕ್ಕ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಚ್ಚಿದ ಸಭೆಗೆ ಹೋಗಲಿ. ಶೇ 38 ಎಂಬ ಅಂಕಿಯನ್ನು ನಮ್ಮದೇ ಮಹಾಲೇಖಪಾಲರು ಮುದ್ರಿಸಿ ವರ್ಷಗಳಾಗಿವೆ. ಗುಟ್ಟಿನ ಪರದೆ ಶತ್ರುವಿನ ಕಣ್ಣು ಮುಚ್ಚುವುದಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣನ್ನೇ ಮುಚ್ಚುತ್ತದೆ.

ಎರಡನೆಯ ಆಕ್ಷೇಪ ಯುದ್ಧದ ಅನಿವಾರ್ಯತೆಯದು, ಇದು ಹೆಚ್ಚು ಬಲವಾದುದು. ಸೇನೆ ಎಂದರೆ ಅಪಾಯವನ್ನು ಒಪ್ಪಿಕೊಳ್ಳುವುದು. ನಿಯಮದ ಪುಸ್ತಕ ಹಿಡಿದು ಕೂತರೆ ಯುದ್ಧ ಗೆಲ್ಲಲಾಗದು ಎನ್ನುತ್ತಾರೆ. ಇದಕ್ಕೆ 1948ರ ಮೇ 24ಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಹಿಮಾಲಯದ ಸಾಲುಗಳ ಮೇಲಿಂದ ಹಾರಿಸಿ ಲೇಹ್‌ನ ಆಗತಾನೇ ಸಿದ್ಧವಾದ ಮಣ್ಣಿನ ಪಟ್ಟಿಯ ಮೇಲೆ ಇಳಿಸಿದರು. ಪಕ್ಕದಲ್ಲಿ ಕೂತಿದ್ದವರು ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಆ ವಿಮಾನಕ್ಕೆ ಅದು ಮಾಡಬಹುದಾದ ಕೆಲಸವೇ ಆಗಿರಲಿಲ್ಲ. ಆದರೂ ಮಾಡಬೇಕಾಗಿತ್ತು, ಲೇಹ್ ಉಳಿಯಿತು. ಈ ಸಾಹಸದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಅಪಾಯ ಏನೆಂದು ಗೊತ್ತಿತ್ತು. ಅದನ್ನು ಒಪ್ಪಿದವರು ಸ್ವತಃ ವಿಮಾನದೊಳಗಿದ್ದರು. ಆದೇಶ ಕೊಡುವ ಅಧಿಕಾರವಿದ್ದ ಸೇನಾನಿಯೇ ಪಕ್ಕದ ಆಸನದಲ್ಲಿದ್ದರು. ಮುಂದೂಡಿದ ದುರಸ್ತಿಯ ಅಪಾಯದಲ್ಲಿ ಇವು ಮೂರೂ ಇರುವುದಿಲ್ಲ. ಅದು ಯಾರಿಗೂ ಕಾಣದೆ ಬೆಳೆಯುತ್ತದೆ, ಯಾರೂ ನಿರ್ಧರಿಸದೆ ಇದ್ದಲ್ಲಿಗೆ ಬರುತ್ತದೆ, ರಜೆಗೆ ಊರಿಗೆ ಹೊರಟವನ ಮೇಲೆ ಶಾಂತಿಕಾಲದಲ್ಲೂ ಎರಗಬಲ್ಲದು. ತುರ್ತು ಬಂದಾಗ ದಂಡನಾಯಕನಿಗೆ ಗಡಿ ಮೀರುವ ಅಧಿಕಾರ ಇರಲೇಬೇಕು. ಆದರೆ ಮೀರಿದ್ದೇನೆ ಎಂದು ಅವನು ಬರೆದಿಡಬೇಕು. ತುರ್ತು ಮುಗಿದ ಮೇಲೂ ಆ ರಿಯಾಯಿತಿ ಮುಂದುವರಿದಿದೆಯೇ ಎಂದು ಕೇಳುವವರಿರಬೇಕು.

ಅಪಘಾತಗಳಲ್ಲಿ ಹೆಚ್ಚಿನವು ಮನುಷ್ಯನ ತಪ್ಪಿನಿಂದ ಆದವು, ಯಂತ್ರದಿಂದಲ್ಲ ಎಂಬುದು ಮೂರನೆಯ ಆಕ್ಷೇಪ. 2017ರಿಂದ 2022ರವರೆಗೆ ವಾಯುಪಡೆಯಲ್ಲಿ 34 ವಿಮಾನ ಅಪಘಾತಗಳಾದವೆಂದು ರಕ್ಷಣಾ ಸ್ಥಾಯಿ ಸಮಿತಿಯ ವರದಿ ಹೇಳುತ್ತದೆ. ಅರ್ಧಕ್ಕೂ ಹೆಚ್ಚಿನವಕ್ಕೆ ಸಿಬ್ಬಂದಿಯ ತಪ್ಪೇ ಕಾರಣವೆಂದು ದಾಖಲಾಗಿದೆ. ಈ ಅಂಕಿ ಎಲ್ಲ ಬಗೆಯ ವಿಮಾನಗಳಿಗೂ ಸೇರಿದ್ದು, ಸಾಗಣೆ ವಿಮಾನಗಳದ್ದಷ್ಟೇ ಅಲ್ಲ. ಜೊತೆಗೆ ಸವಾನಾದ ಉದಾಹರಣೆ ತೋರಿಸುವಂತೆ ಮನುಷ್ಯನ ತಪ್ಪು ಮತ್ತು ಯಂತ್ರದ ದೋಷ ಎಂದು ಎರಡು ಬೇರೆ ಪೆಟ್ಟಿಗೆಗಳಿಲ್ಲ. ಕೆಟ್ಟ ಎಂಜಿನ್ ಇಲ್ಲದಿದ್ದರೆ ಪೈಲಟ್ ತಪ್ಪು ಮಾಡುವ ಸಂದರ್ಭವೇ ಹುಟ್ಟುತ್ತಿರಲಿಲ್ಲ. ಕೊನೆಯ ಕೈ ಪೈಲಟ್‌ನದಾದ್ದರಿಂದ ಪಟ್ಟಿಯಲ್ಲಿ ಹೆಸರು ಅವನದು ಬರುತ್ತದೆ. ಮೊದಲ ಕೈ ಯಾರದ್ದೆಂದು ಹುಡುಕದಿದ್ದರೆ ಪಟ್ಟಿ ಉದ್ದವಾಗುತ್ತದೆ, ಪಾಠ ಸಿಗುವುದಿಲ್ಲ.

ಹೊಸ ವಿಮಾನಗಳು ಬರುತ್ತಿವೆ, ಹಳೆಯದರ ಚಿಂತೆ ಯಾಕೆ ಎಂಬ ನಾಲ್ಕನೆಯ ಮಾತೂ ಇದೆ. ಸ್ಪೇನಿನಿಂದ 16 ಸಿ-295ಗಳು, ವಡೋದರಾದ ಕಾರ್ಖಾನೆಯಿಂದ 40 ಎಂಬ ಯೋಜನೆ ಸಂತೋಷದ್ದೇ. ಆದರೆ ಹೊಸದಾಗಿ ಬಂದ ವಿಮಾನವೂ 20 ವರ್ಷಕ್ಕೆ ಹಳೆಯದಾಗುತ್ತದೆ, ಅದರ ಗಡಿಗಳೂ ಬಂದೇ ಬರುತ್ತವೆ. ಎಎನ್-32 ಕೂಡ 1984ರಲ್ಲಿ ಹೊಸದಾಗಿತ್ತು. ಪದ್ಧತಿ ಬದಲಾಗದೆ ವಿಮಾನ ಮಾತ್ರ ಬದಲಾದರೆ ಸಮಸ್ಯೆಯನ್ನೇ ಎರಡು ದಶಕ ಮುಂದೂಡಿದಂತಾಗುತ್ತದೆ. ಇನ್ನೊಂದು ಸಂಸ್ಥೆ ಬಂದರೆ ಇನ್ನೊಂದು ಕಡತ, ಇನ್ನಷ್ಟು ವಿಳಂಬ ಎನ್ನುವವರ ಭಯ ಮಾತ್ರ ನ್ಯಾಯವಾದುದು. ಪ್ರತಿ ಮುಂದೂಡಿಕೆಗೂ ದೆಹಲಿಯ ಅನುಮತಿ ಬೇಕೆಂದರೆ ವಿಮಾನಗಳು ನಿಂತಲ್ಲೇ ನಿಲ್ಲುತ್ತವೆ. ಆದ್ದರಿಂದ ಮೇಲ್ವಿಚಾರಕರು ಅನುಮತಿ ಕೊಡುವವರಾಗಬಾರದು, ಲೆಕ್ಕ ಕೇಳುವವರಾಗಬೇಕು. ನಿರ್ಧಾರ ಸ್ಕ್ವಾಡ್ರನ್ನಿನಲ್ಲೇ ಇರಲಿ, ಅದರ ದಾಖಲೆ ಅದೇ ದಿನ ಹೊರಗಿನ ಕಣ್ಣಿಗೆ ಬೀಳಲಿ.

ಹಾಗಾದರೆ ಆಗಬೇಕಾದದ್ದು ನಾಲ್ಕು. ಮುಂದೂಡಿದ ಪ್ರತಿ ಕೆಲಸಕ್ಕೂ ವಾಯಿದೆ ಇರಬೇಕು, ವಾಯಿದೆಯನ್ನು ಎರಡನೆಯ ಸಲ ವಿಸ್ತರಿಸುವ ಅಧಿಕಾರ ಮೊದಲ ಸಲ ರುಜು ಹಾಕಿದವರಿಗೆ ಇರಬಾರದು. ಬಿಡಿಭಾಗ ಸಿಗದೆ ಮುಂದೂಡಿದ್ದೋ, ಹಣವಿಲ್ಲದೆ ಮುಂದೂಡಿದ್ದೋ, ವಿಮಾನ ತುರ್ತಾಗಿ ಬೇಕಾಗಿ ಮುಂದೂಡಿದ್ದೋ ಎಂಬ ಕಾರಣ ದಾಖಲಾಗಬೇಕು. ಆಗ ತಪ್ಪು ಹ್ಯಾಂಗರಿನದೋ ಕಡತದ್ದೋ ತಾನಾಗಿ ತಿಳಿಯುತ್ತದೆ. ಸೆಮಿಲ್ಯಾಕ್ ಮತ್ತು ಡಿಜಿಎಕ್ಯುಎಗಳಲ್ಲಿ ಈಗಾಗಲೇ ಇರುವ ಪರಿಣತಿಯನ್ನು ಬಳಸಿ, ವಿಮಾನ ಹಾರಿಸುವವರಿಗೂ ತಯಾರಿಸುವವರಿಗೂ ಅಧೀನವಲ್ಲದ ಸೇನಾ ಹಾರಾಟ ಯೋಗ್ಯತೆಯ ಪ್ರಾಧಿಕಾರವೊಂದನ್ನು ಕಟ್ಟಬೇಕು. ಬೆಂಗಳೂರಿಗಿಂತ ಅದಕ್ಕೆ ಒಪ್ಪುವ ಊರು ಬೇರೊಂದಿಲ್ಲ. ಕೊನೆಯದಾಗಿ, ವರ್ಷಕ್ಕೊಮ್ಮೆ ಒಟ್ಟು ಲೆಕ್ಕ ರಕ್ಷಣಾ ಸ್ಥಾಯಿ ಸಮಿತಿಗೆ ಹೋಗಬೇಕು. ಅಪಘಾತದ ವಿಚಾರಣೆಯ ಸಾರಾಂಶ, ಗುಟ್ಟಿನ ಭಾಗ ತೆಗೆದು, ಕನಿಷ್ಠ ಸತ್ತವರ ಮನೆಯವರ ಕೈ ಸೇರಬೇಕು.

ಇವನ್ನು ಕೇಳಲು ತಜ್ಞರಾಗಬೇಕಿಲ್ಲ. ನಮ್ಮ ಈ ಸೀಮೆಯೇ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ: ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗಿಗೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಓಟು ಕೇಳಲು ಬರುವ ಮೂವರೂ ಸೈನಿಕರ ತ್ಯಾಗದ ಬಗ್ಗೆ ಮಾತಾಡದೆ ಹೋಗುವುದಿಲ್ಲ. ಮುಂದಿನ ಸಲ ಅವರು ಬಂದಾಗ, ಎಷ್ಟು ಸಾಗಣೆ ವಿಮಾನಗಳ ದುರಸ್ತಿ ಗಡಿ ದಾಟಿದೆ ಎಂದು ಸಂಸತ್ತಿನಲ್ಲಿ ನೀವು ಯಾವತ್ತಾದರೂ ಪ್ರಶ್ನೆ ಹಾಕಿದ್ದೀರಾ ಎಂದು ಕೇಳಿ. ಮಗನನ್ನೋ ಮಗಳನ್ನೋ ಸೇನೆಗೆ ಕಳಿಸಿದ ಮನೆಯವರಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ; ಉತ್ತರ ತರಿಸಿಕೊಡುವುದು ಆರಿಸಿಹೋದವರ ಕರ್ತವ್ಯ.